ವಠಾರವೋ, ಸ್ವಂತ ಮನೆಯೋ?
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮಲ್ಲಿ ಅಡುಗೆ ಪುಸ್ತಕವನ್ನು ಪಿಡಿಎಫ್ ಮಾಡಿ ಮಾರುವವರಿದ್ದೀರಿ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಹಾಳೆ, ದೇವರನಾಮದ ಪಾಠದ ವಿಡಿಯೊ ಮಾರುವವರೂ ಇದ್ದೀರಿ. ಎಲ್ಲರೂ ನನ್ನನ್ನು ಕೇಳುವುದು ಒಂದೇ: "ಸ್ವಂತ ವೆಬ್‌ಸೈಟ್ ಮಾಡ್ಬೇಕು ಕಣೇ, ಶೇರ್ಡ್ ಹೋಸ್ಟಿಂಗ್ ಸಾಕಾ, ಡೆಡಿಕೇಟೆಡ್ ಬೇಕಾ?"

ಹೋಸ್ಟಿಂಗ್ ಎಂದರೆ ಹಗಲು ರಾತ್ರಿ ಇಂಟರ್‌ನೆಟ್ಟಿಗೆ ಜೋಡಿಸಿಟ್ಟ ಕಂಪ್ಯೂಟರಿನಲ್ಲಿ ನಮ್ಮ ಅಂಗಡಿಗೆ ಬಾಡಿಗೆ ಜಾಗ. ಶೇರ್ಡ್ ಎಂದರೆ ವಠಾರ. ಒಂದೇ ಕಂಪ್ಯೂಟರಿನಲ್ಲಿ ನೂರಾರು ಸೈಟುಗಳು; ಪಕ್ಕದವರು ನಲ್ಲಿ ಜೋರಾಗಿ ಬಿಟ್ಟರೆ ನಮ್ಮ ನೀರು ಸಣ್ಣಗಾಗುತ್ತದೆ. ಬಾಡಿಗೆ ತಿಂಗಳಿಗೆ ಕೆಲವು ನೂರು ರೂಪಾಯಿ. ಡೆಡಿಕೇಟೆಡ್ ಎಂದರೆ ಇಡೀ ಮನೆ ನಮ್ಮೊಬ್ಬರಿಗೇ, ಬಾಡಿಗೆ ಹಲವು ಸಾವಿರ. ನಡುವೆ ಫ್ಲ್ಯಾಟಿನಂಥ ವಿಪಿಎಸ್ ಇದೆ: ಕಟ್ಟಡ ಎಲ್ಲರದು, ನಮ್ಮ ಪಾಲು ನಮಗೆ.

ನನ್ನ ಅತ್ತಿಗೆ ಧಾರವಾಡದವರು. ಕಸೂತಿಯ ಗೋಪುರ, ತೇರು, ಆನೆಗಳನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸಿ, ಪಿಡಿಎಫ್ ಮಾಡಿ ಮಾರುತ್ತಾರೆ. ಸೈಟ್ ಕಟ್ಟಿಕೊಟ್ಟವಳು ನಾನೇ, ಶೇರ್ಡ್ ಹೋಸ್ಟಿಂಗಿನಲ್ಲಿ. ಒಂದು ದೀಪಾವಳಿಗೆ ರಿಯಾಯಿತಿ ಇಟ್ಟು, ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಗುಂಪುಗಳಿಗೆಲ್ಲ ಸಂದೇಶ ಕಳಿಸಿದೆವು. ಹತ್ತೇ ನಿಮಿಷದಲ್ಲಿ ಸೈಟ್ ನಿಂತಿತು. ಹಣ ಕಟ್ಟಿದವರಿಗೆ ಫೈಲು ಸಿಗಲಿಲ್ಲ. ಅತ್ತಿಗೆ ರಾತ್ರಿ ಒಂದರವರೆಗೆ ಕೂತು ಒಬ್ಬೊಬ್ಬರಿಗೂ ಇಮೇಲ್‌ನಲ್ಲಿ ಕಳಿಸಿದರು. ಕೊನೆಗೆ ಒಂದೇ ಮಾತು ಹೇಳಿದರು: "ಹದಿನೈದು ವರ್ಷದಾಗ ನಾ ರೊಕ್ಕ ತಗೊಂಡು ಮಾಲು ಕೊಡಲಿಲ್ಲಂತ ಯಾರ ಕಡೆಯಿಂದಾನೂ ಅನ್ನಿಸ್ಕೊಂಡಿದ್ದಿಲ್ಲ."

ಆ ಮಾತು ಚುಚ್ಚಿತು. ಮರುದಿನವೇ ಹೋಸ್ಟಿಂಗ್ ಕಂಪನಿಯನ್ನು ಬೈದುಕೊಂಡು ಡೆಡಿಕೇಟೆಡ್ ಸರ್ವರ್ ಬಾಡಿಗೆಗೆ ಹಿಡಿದೆ. ಆಮೇಲೆ ನಿಧಾನವಾಗಿ ಲಾಗ್ ಓದಿದಾಗ ತಪ್ಪು ನನ್ನದೇ ಎಂದು ತಿಳಿಯಿತು. ಒಂದೊಂದು ಪಿಡಿಎಫ್ 90 ಎಂಬಿ ಇತ್ತು. ಒಬ್ಬರ ಡೌನ್‌ಲೋಡ್ ಮುಗಿಯುವವರೆಗೂ ಸೈಟಿನ ಒಂದು ಕೆಲಸಗಾರ ಪ್ರೋಗ್ರಾಂ ಅವರಿಗೇ ಕಟ್ಟಿಬಿದ್ದಿರುವಂತೆ ನಾನು ಬರೆದಿದ್ದೆ. ಆ ಪ್ಲಾನಿನಲ್ಲಿ ಏಕಕಾಲಕ್ಕೆ ಇಪ್ಪತ್ತೇ ಕೆಲಸಕ್ಕೆ ಅವಕಾಶ. ಇಪ್ಪತ್ತೊಂದನೆಯವರಿಗೆ ಬಾಗಿಲು ಬಂದ್. ಜಾಹೀರಾತಿನಲ್ಲಿ 'ಅನ್‌ಲಿಮಿಟೆಡ್' ಎಂದೇ ಇತ್ತು. ಊಟ ಅನ್‌ಲಿಮಿಟೆಡ್ ಆದರೂ ಹೋಟೆಲಿನ ಕುರ್ಚಿ ಇಪ್ಪತ್ತೇ ಅಲ್ಲವೇ!

ಪಿಡಿಎಫ್‌ಗಳನ್ನು 6 ಎಂಬಿಗೆ ಇಳಿಸಿ, ಕ್ಲೌಡ್ ಸ್ಟೋರೇಜಿನಲ್ಲಿ ಬೇರೆ ಇಟ್ಟೆ. ಕೊಂಡವರಿಗೆ ಎರಡು ದಿನ ಮಾತ್ರ ತೆರೆಯುವ ಲಿಂಕ್ ಹೋಗುವಂತೆ ಮಾಡಿದೆ. ಎರಡು ತಿಂಗಳ ದೊಡ್ಡ ಬಾಡಿಗೆ ದಂಡ ತೆತ್ತು, ಹಳೆಯ ವಠಾರಕ್ಕೇ ಮರಳಿದೆವು. ಮುಂದಿನ ದೀಪಾವಳಿ ಸುಸೂತ್ರವಾಗಿ ನಡೆಯಿತು.

ಡೆಡಿಕೇಟೆಡ್ ಬೇಡವೇ ಬೇಡ ಎನ್ನುತ್ತಿಲ್ಲ. ಆದರೆ ಇಡೀ ಮನೆ ನಮ್ಮದಾದರೆ ಕಾವಲೂ ನಮ್ಮದೇ. ಸಾಫ್ಟ್‌ವೇರ್ ಅಪ್‌ಡೇಟ್, ಭದ್ರತೆ, ಬ್ಯಾಕಪ್ ಎಲ್ಲ ನೋಡಿಕೊಳ್ಳಬೇಕು, ಇಲ್ಲವೇ ನೋಡುವವರಿಗೆ ಸಂಬಳ ಕೊಡಬೇಕು. ತಿಂಗಳಿಗೆ ಎಷ್ಟು ಗಿರಾಕಿ ಎಂದು ಎಣಿಸಬೇಡಿ, ಒಂದೇ ಗಳಿಗೆಯಲ್ಲಿ ಎಷ್ಟು ಜನ ಎಂದು ಎಣಿಸಿ. ಫೈಲುಗಳನ್ನು ಬೇರೆಡೆ ಇಟ್ಟ ಮೇಲೂ ಜನಸಂದಣಿಗೆ ಸೈಟ್ ಏದುಸಿರು ಬಿಟ್ಟರೆ ಮೊದಲು ವಿಪಿಎಸ್‌ಗೆ ಹೋಗಿ. ಡೆಡಿಕೇಟೆಡ್ ಅದಕ್ಕೂ ಮುಂದಿನ ಮಾತು.

"ಕಾರ್ಡ್ ಸುರಕ್ಷತೆಗಾದರೂ ಡೆಡಿಕೇಟೆಡ್ ಬೇಡವಾ?" ಎನ್ನುತ್ತೀರಿ. 2022ರ ಅಕ್ಟೋಬರ್ 1ರಿಂದ ಅಂಗಡಿಗಳು ಗಿರಾಕಿಗಳ ಕಾರ್ಡ್ ಸಂಖ್ಯೆ ಉಳಿಸಿಕೊಳ್ಳುವಂತಿಲ್ಲ. ಅದು ರಿಸರ್ವ್ ಬ್ಯಾಂಕಿನ ನಿಯಮ. ಹಣದ ಕೆಲಸ ಪೇಮೆಂಟ್ ಗೇಟ್‌ವೇ ಪುಟದಲ್ಲೇ ನಡೆಯಲಿ, ಆ ವಿವರ ನಿಮ್ಮ ಸೈಟಿಗೆ ಬರುವುದೇ ಬೇಡ.

ಕೊನೆಗೆ ಮೂರು ಮಾತು. ಡೊಮೇನ್ ಹೆಸರು ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಇಮೇಲ್‌ನಲ್ಲಿರಲಿ. ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬೇಡ, ನನ್ನಂಥ ನಾದಿನಿಯ ಹೆಸರಿನಲ್ಲೂ ಬೇಡ. ವಾರಕ್ಕೊಮ್ಮೆ ಬ್ಯಾಕಪ್ ಇಳಿಸಿ ಮನೆಯಲ್ಲಿಡಿ. ಮೊದಲ ವರ್ಷದ ಅಗ್ಗದ ದರ ನೋಡಿ ಮರುಳಾಗದೆ ಎರಡನೇ ವರ್ಷದ ದರ ಕೇಳಿ.

ಕೊಂಡವರಿಗೆ ನಮ್ಮ ಸರ್ವರ್ ಎಂಥದ್ದೆಂದು ತಿಳಿಯುವುದಿಲ್ಲ. ಕೊಟ್ಟ ದುಡ್ಡಿಗೆ ಮಾಲು ಕೈಗೆ ಬಂತೇ ಎಂಬುದಷ್ಟೇ ಅವರಿಗೆ ಬೇಕು. ಅತ್ತಿಗೆಗೆ ಅದು ನನಗಿಂತ ಮೊದಲೇ ಗೊತ್ತಿತ್ತು.