ಅಂಗಿಯ ಮೇಲಿನ ಹೆಸರು

(ಕಾರ್ಮಿಕರ ಹಾಗೂ ಅಂಗಡಿಕಾರರ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನಗಳ ಕ್ರಿಕೆಟ್ ಪಂದ್ಯ ನಡೆಯಿತು. ನಮ್ಮ ವೆಂಕಟೇಶ ಪ್ರಸಾದರು ಆಮಿರ್ ಸೊಹೈಲರ ವಿಕೆಟ್ಟನ್ನು ಉರುಳಿಸಿದ್ದನ್ನು ನಿಮ್ಮಲ್ಲಿ ಹಲವರು ಇಂದಿಗೂ ಮರೆತಿರಲಾರಿರಿ. ಆ ಪಂದ್ಯಾವಳಿಯ ಹೆಸರೇನು, ಹೇಳಿ ನೋಡೋಣ. ವಿಲ್ಸ್ ವಿಶ್ವಕಪ್! ವಿಲ್ಸ್ ಎಂದರೆ ಸಿಗರೇಟು.

ಕಂಪನಿ ಹಣ ಕೊಟ್ಟಿತು, ಆಟ ನಡೆಯಿತು, ಇದರಲ್ಲಿ ನಷ್ಟ ಯಾರಿಗೆ ಎಂದು ಕೇಳುವವರುಂಟು. ಗೋವೆಯ ವೈದ್ಯರು ಇದನ್ನು ಶಾಲೆಯ ಮಕ್ಕಳಲ್ಲಿಯೇ ವಿಚಾರಿಸಿ, ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟಿಸಿದರು. ಹೊಗೆ ಸೇದಿದರೆ ಕೇಡೆಂಬುದು ಬಹುಪಾಲು ಮಕ್ಕಳಿಗೆ ತಿಳಿದೇ ಇತ್ತು. ಹಾಗಿದ್ದೂ, ಸೇದಿದರೆ ಆಟ ಚೆನ್ನಾಗಿ ಬರುತ್ತದೆಂದು ನಂಬಿದವರಿದ್ದರು. ಸಿಗರೇಟಿನ ಹೆಸರು ಹೊತ್ತ ಕ್ರಿಕೆಟ್ಟು ಮಕ್ಕಳನ್ನು ತಂಬಾಕಿನ ರುಚಿ ನೋಡುವತ್ತ ತಳ್ಳುತ್ತದೆಂದು ವೈದ್ಯರು ಬರೆದರು.

ಸೇದಿರೆಂದು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ, ಗಮನಿಸಿ. ಜಾಹೀರಾತು "ಕೊಳ್ಳಿ" ಎಂದು ಕೂಗಿದರೆ ನಾವು ಅನುಮಾನದಿಂದ ಕೇಳುತ್ತೇವೆ. ಪ್ರಾಯೋಜಕನಾದರೋ ಏನೂ ಹೇಳುವುದಿಲ್ಲ. ನಮಗೆ ಪ್ರೀತಿಯಾದುದರ ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತಾನೆ. ದಿನವಿಡೀ ಎರಡನ್ನೂ ಒಟ್ಟಿಗೆ ನೋಡಿ ನೋಡಿ, ಆಟದ ಮೇಲಿನ ಅಕ್ಕರೆ ಸರಕಿಗೂ ಅಂಟಿಕೊಳ್ಳುತ್ತದೆ. ಹೂವಿನ ಸಂಗಡ ನಾರೂ ದೇವರ ಮುಡಿಗೇರಿತು ಎನ್ನುತ್ತೇವಲ್ಲ, ಹಾಗೆ. ಇಲ್ಲಿ ನಾರು ಹೂವಿಗೆ ದುಡ್ಡು ಕೊಟ್ಟಿದೆ, ಅಷ್ಟೇ ವ್ಯತ್ಯಾಸ.

ಸಚಿನ್ ತೆಂಡೂಲ್ಕರರು ತಂದೆಗೆ ಕೊಟ್ಟ ಮಾತಿನಂತೆ ತಂಬಾಕಿನ ಜಾಹೀರಾತು ಒಲ್ಲೆನೆಂದವರು. ಆದರೆ ಆ ವರ್ಷಗಳಲ್ಲಿ ಭಾರತ ತಂಡದ ಅಂಗಿಯ ಮೇಲೆಯೇ ವಿಲ್ಸ್ ಹೆಸರಿತ್ತು. ಬಾಯಿ ಒಲ್ಲೆನೆಂದುದನ್ನು ಅಂಗಿ ಹೇಳಿತು.

2001ರಲ್ಲಿ ಕಂಪನಿ ಆಟದಿಂದ ಹಿಂದೆ ಸರಿಯಿತು. 2003ರ ಕಾಯಿದೆ ತಂಬಾಕಿನ ಪ್ರಾಯೋಜನೆಯನ್ನೇ ನಿಷೇಧಿಸಿತು. ಈಗ ಪಾನ್ ಮಸಾಲೆಯ ಹೆಸರುಗಳು ಏಲಕ್ಕಿಯ ವೇಷದಲ್ಲಿ ಬರುತ್ತಿವೆ. ಹೆಸರು ಅದೇ, ಬಣ್ಣವೂ ಅದೇ. ಡಬ್ಬಿಯಲ್ಲಿ ಮಾತ್ರ ಏಲಕ್ಕಿ.

ಇಷ್ಟೆಲ್ಲ ಹೇಳಲು ಕಾರಣವಿದೆ. ನಮ್ಮ ಬಡಾವಣೆಯ ಹುಡುಗರ ಕಬಡ್ಡಿ ಪಂದ್ಯಕ್ಕೆ ಅಂಥದೊಂದು ಕಂಪನಿಯವರು ಅಂಗಿ, ಪೆಂಡಾಲು, ಬಹುಮಾನ ಎಲ್ಲವನ್ನೂ ಕೊಡುತ್ತೇವೆಂದು ಬಂದಿದ್ದಾರೆ. ಅದೇ ಹೆಸರಿನ ಚೀಟಿಗಳನ್ನು ಅಂಗಡಿಯಲ್ಲಿ ತೂಗುಹಾಕಿ ಮಾರುವ ಗೆಳೆಯರೂ ಇಲ್ಲಿದ್ದೀರಿ. ನಿಮ್ಮ ಹೊಟ್ಟೆಪಾಡನ್ನು ನಾವು ಹಳಿಯುತ್ತಿಲ್ಲ. ಹನ್ನೆರಡು ವರ್ಷದ ಹುಡುಗನ ಎದೆಯ ಮೇಲೆ ಆ ಹೆಸರು ಬೇಡವೆನ್ನುತ್ತಿದ್ದೇವೆ. ಹಣವಿಲ್ಲದೆ ಪಂದ್ಯ ನಡೆಯದೆಂಬುದೂ ನಿಜ. ಚಂದಾ ಪುಸ್ತಕ ಮೇಜಿನ ಮೇಲಿದೆ. ಮೊದಲ ಸಾಲಿನಲ್ಲಿ ನಾವು 500 ರೂಪಾಯಿ ಬರೆದಿದ್ದೇವೆ.