ಹೊಸೂರು ರಸ್ತೆಯಲ್ಲಿ ಬಂದ ಸಿಟ್ಟು

ಗಾರ್ಮೆಂಟ್ಸ್ ಲೈನಿನಲ್ಲಿ ಟಾರ್ಗೆಟ್ ತಪ್ಪಿದರೆ ಏನಾಗುತ್ತದೆಂದು ಇಲ್ಲಿ ಕೂತ ಕೆಲವರಿಗಾದರೂ ಗೊತ್ತು. ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾನೆ. ಟೈಲರ್ ತಲೆ ತಗ್ಗಿಸಿ ಹೊಲಿಯುತ್ತಲೇ ಇರುತ್ತಾಳೆ. ಸಿಟ್ಟು ಬಂದರೂ ನುಂಗಿಕೊಳ್ಳುತ್ತಾಳೆ, ಮೇಲೆ ಉಳಿಯುವುದು ಅವಮಾನ ಮಾತ್ರ. ಅಂಥ ಸಾವಿರಾರು ಹೆಂಗಸರು 2016ರ ಏಪ್ರಿಲ್ 18ರ ಸೋಮವಾರ ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಗೆ ಅಡ್ಡ ಕೂತರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಮರುದಿನ ಪೀಣ್ಯದ ಕಡೆ, ಜಾಲಹಳ್ಳಿ ಕ್ರಾಸಿನಲ್ಲೂ ಅದೇ ಕಥೆ. ಬಸ್ಸುಗಳು ಸುಟ್ಟುಹೋದವು, ಹೆಬ್ಬಗೋಡಿ ಠಾಣೆಯ ಮೇಲೆ ದಾಳಿಯಾಯಿತು. ಕಲ್ಲು ತೂರಿದವರು ಯಾರೆಂಬುದು ಬೇರೆಯೇ ಚರ್ಚೆ.

ಸಿಟ್ಟಿಗೆ ಕಾರಣ, ಫೆಬ್ರವರಿಯಲ್ಲಿ ಕೇಂದ್ರ ಹೊರಡಿಸಿದ್ದ ಪಿಎಫ್ ಅಧಿಸೂಚನೆ. ಅದರ ಪ್ರಕಾರ ಕೆಲಸ ಬಿಟ್ಟರೂ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವ ತನಕ ಕೈಗೆ ಸಿಗುತ್ತಿರಲಿಲ್ಲ. 58ರವರೆಗೆ ಮಿಷಿನ್ ಮುಂದೆ ಕೂರುವವರು ಎಷ್ಟು ಮಂದಿ ಹೇಳಿ? ಆಗಿನ ಏಳೆಂಟು ಸಾವಿರ ಸಂಬಳದ ಮನೆಯಲ್ಲಿ ಮಗಳ ಮದುವೆ, ಕಾಲೇಜು ಫೀಸು, ಕೈಸಾಲ ಎಲ್ಲದಕ್ಕೂ ಇದ್ದದ್ದು ಅದೊಂದೇ ಗಂಟು.

ಆದರೆ ಮೊನ್ನೆ ಮೊನ್ನೆ ಸೇರಿದ ಹೆಲ್ಪರ್ ಹುಡುಗಿಯ ಖಾತೆಯಲ್ಲಿ ಏನಿದ್ದೀತು? ಅವಳಿಗೇಕೆ ಸಿಟ್ಟು ಬರಬೇಕು? ಪಕ್ಕದವರನ್ನು ನೋಡಿ ಕೂಗಿದಳು ಎಂದುಬಿಡುವುದು ಸುಲಭ, ನನಗದು ಒಪ್ಪಿಗೆಯಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಸ್ಮಿತ್ 1993ರಲ್ಲಿ ಮಂಡಿಸಿದ ವಾದ ಇಲ್ಲಿ ಹೊಂದುತ್ತದೆ: ತಾನು ಈ ಗುಂಪಿನವಳೆಂದು ಎಣಿಸಿಕೊಂಡವಳಿಗೆ ಗುಂಪಿನ ನಷ್ಟ ತನ್ನದೇ ನಷ್ಟ. ಡಯೇನ್ ಮ್ಯಾಕಿ ಮತ್ತು ಸಂಗಡಿಗರು 2000ದಲ್ಲಿ ಇನ್ನೊಂದನ್ನು ತೋರಿಸಿದರು. ನಮ್ಮವರಿಗೆ ಬಲವಿದೆ ಅನ್ನಿಸಿದವರಲ್ಲೇ ಸಿಟ್ಟು ಹೆಚ್ಚು. ಲೈನಿನಲ್ಲಿ ಒಬ್ಬಳೇ ಬೈಸಿಕೊಳ್ಳುವವಳಿಗೆ ಆ ಬಲ ಕಾಣುವುದೆಲ್ಲಿಂದ? ರಸ್ತೆಯಲ್ಲಿ ಹಿಂದೆ ತಿರುಗಿದರೆ ಸಾಕಿತ್ತು, ಕಣ್ಣು ಹಾಯುವಷ್ಟು ದೂರ ತನ್ನವರೇ.

ಅದೇ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಟೆಕ್ಕಿಗಳೂ ಕ್ಯಾಬಿನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದರು. ಪಿಎಫ್ ಅವರಿಗೂ ಉಂಟು, ನಿಯಮವೂ ಅದೇ. ಸಿಟ್ಟೂ ಬಂತು, ಟ್ರಾಫಿಕ್ ಜಾಮಿನ ಮೇಲೆ! ಆ ಹೊತ್ತಿಗೆ ಬಹುಪಾಲು ಮಂದಿ ತಮ್ಮನ್ನು ಎಣಿಸಿಕೊಂಡದ್ದು ಆಫೀಸಿಗೆ ತಡವಾದವರ ಸಾಲಿನಲ್ಲಿ. ಏಪ್ರಿಲ್ 19ರಂದೇ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ಹಿಂಪಡೆಯುವುದಾಗಿ ಪ್ರಕಟಿಸಿದರು. ಅದರಿಂದ ಟೆಕ್ಕಿಗಳ ದುಡ್ಡೂ ಉಳಿಯಿತು. ಗಾರ್ಮೆಂಟ್ಸ್ ಹೆಂಗಸರಿಗೆ ಥ್ಯಾಂಕ್ಸ್ ಹೇಳಿದ ಟೆಕ್ಕಿಯನ್ನು ನಾನಂತೂ ಇನ್ನೂ ಕಂಡಿಲ್ಲ.