ಮೂರು ಇಲಾಖೆ, ಒಂದು ಕಾಯಿಲೆ



ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುಹಾದಿ ನಮ್ಮ ಅಜ್ಜಂಪುರ, ಬೀರೂರು, ಕಡೂರುಗಳನ್ನು ಹಾದು ಹೋಗುತ್ತದೆ. 1898ರಲ್ಲಿ ಪ್ಲೇಗು ಬಂದದ್ದು ಇದೇ ಹಾದಿ ಹಿಡಿದು. ಹುಬ್ಬಳ್ಳಿಯನ್ನು ನಡುಗಿಸಿದ್ದ ಕಾಯಿಲೆ ಆಗಸ್ಟ್ ಹೊತ್ತಿಗೆ ಬೆಂಗಳೂರು ಮುಟ್ಟಿತ್ತು. ರೈಲು ನಡೆಸುತ್ತಿದ್ದುದು ಸದರ್ನ್ ಮರಾಠಾ ಕಂಪನಿ, ಊರುಗಳು ಮೈಸೂರು ಸಂಸ್ಥಾನದವು, ಬೆಂಗಳೂರಿನ ದಂಡು ಬ್ರಿಟಿಷರದು. ಪ್ರಯಾಣಿಕರನ್ನು ಯಾರು ತಡೆಯಬೇಕು, ಯಾರು ತಪಾಸಣೆ ಮಾಡಬೇಕು ಎಂಬುದನ್ನು ಇವರೆಲ್ಲ ಸೇರಿಯೇ ತೀರ್ಮಾನಿಸಬೇಕಿತ್ತು.

ಈಗ ಕಾನೂನು ಸ್ಪಷ್ಟವಾಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಕೋವಿಡ್ ಕಾಲದಲ್ಲಿ ತಹಶೀಲ್ದಾರರಿಂದ ಹಿಡಿದು ಪಿಡಿಒ, ಆಶಾ, ಅಂಗನವಾಡಿ ಕಾರ್ಯಕರ್ತೆಯರವರೆಗೆ ಎಲ್ಲರೂ ದುಡಿದರು. ಆದರೂ 2021ರ ಮೇ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ರೋಗಿಗಳು ತೀರಿಕೊಂಡರು. ಆಮ್ಲಜನಕದ ಸಿಲಿಂಡರುಗಳು ಪಕ್ಕದ ಮೈಸೂರಿನಿಂದ ಬರಬೇಕಿತ್ತು. ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನು ಎತ್ತಿ ತೋರಿಸಿತು. ಆ ಮನೆಗಳವರ ಸಂಕಟ ನೆನೆದರೆ ಇಂದಿಗೂ ಕರುಳು ಕಿವುಚುತ್ತದೆ. ಜೀವ ಉಳಿಸುವ ವಸ್ತು ಜಿಲ್ಲೆಯ ಗಡಿ ದಾಟಲು ಯಾರ ಅಪ್ಪಣೆ ಬೇಕು ಎಂಬುದು ಸಾವಿನ ರಾತ್ರಿ ಚರ್ಚಿಸುವ ವಿಷಯವಲ್ಲ.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗವನ್ನು ಉಣ್ಣೆಗಳು ಹರಡುತ್ತವೆ. ತರೀಕೆರೆಯ ಪಶ್ಚಿಮಕ್ಕೆ ಭದ್ರಾ ಕಾಡಿದೆ. ಕಾಡಿನಲ್ಲಿ ಮಂಗ ಸತ್ತುಬಿದ್ದರೆ ಮೊದಲು ಕಾಣುವವರು ಅರಣ್ಯ ರಕ್ಷಕರು, ಇಲ್ಲವೇ ಸೌದೆಗೆ ಹೋದವರು. ಮೇಯಲು ಹೋದ ದನದ ಮೈಮೇಲೆ ಉಣ್ಣೆ ಮನೆಗೆ ಬರುತ್ತದೆ. ದನ ನೋಡುವವರು ಪಶು ವೈದ್ಯರು. ಜ್ವರದ ರೋಗಿ ಹೋಗುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಸತ್ತ ಮಂಗದ ಸುದ್ದಿ ಅರಣ್ಯ ಇಲಾಖೆಯಲ್ಲೇ ಉಳಿದರೆ, ಆಸ್ಪತ್ರೆಗೆ ಅದು ಗೊತ್ತಾಗುವುದು ಮನುಷ್ಯರು ಮಲಗಿದ ಮೇಲೆ. ಸುದ್ದಿ ಅಂದೇ ತಲುಪಿದರೆ ಸುತ್ತಲ ಹಳ್ಳಿಯವರನ್ನು ಎಚ್ಚರಿಸಬಹುದು, ಮೈಗೆ ಹಚ್ಚುವ ಎಣ್ಣೆ ಹಂಚಬಹುದು, ಜ್ವರದವರ ರಕ್ತ ಪರೀಕ್ಷೆಗೆ ಕಳಿಸಬಹುದು.

ಅಜ್ಜಂಪುರ ಮೊನ್ನೆಮೊನ್ನೆಯವರೆಗೆ ತರೀಕೆರೆ ತಾಲೂಕಿನಲ್ಲೇ ಇತ್ತು, ಈಗ ಅದೇ ಬೇರೆ ತಾಲೂಕು. ಹೊಸ ಗಡಿಯಂಚಿನ ಹಳ್ಳಿಯ ಆಶಾ ಕಾರ್ಯಕರ್ತೆ ಯಾವ ಕಚೇರಿಗೆ ಫೋನು ಮಾಡಬೇಕು, ಅಲ್ಲಿ ಯಾರೂ ಎತ್ತದಿದ್ದರೆ ಮುಂದೆ ಯಾರಿಗೆ, ಆಂಬುಲೆನ್ಸ್ ಯಾವ ಊರಿನಿಂದ ಬರುತ್ತದೆ: ಇಷ್ಟನ್ನು ತರೀಕೆರೆ, ಅಜ್ಜಂಪುರ, ಕಡೂರು ಮೂರೂ ತಾಲೂಕುಗಳ ಅಧಿಕಾರಿಗಳು ಕೂತು ಬರೆದು, ಚಳಿಗಾಲ ಶುರುವಾಗುವ ಮುನ್ನವೇ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.